ನ್ಯೂಗೇಟಿನ ಸೂಜಿದಾರ

ಬಟ್ಟೆಯಿಲ್ಲದವರಿಗೆ ಬಟ್ಟೆ ಕೊಡುವುದು ಎಲ್ಲ ನಾಡುಗಳಲ್ಲಿಯೂ ಪುಣ್ಯಕಾರ್ಯವೆನಿಸಿದೆ. ಬಿಡುವಿನ ವೇಳೆಯಲ್ಲಿ ನಾಲ್ಕು ಮಂದಿ ಹೆಂಗಸರು ಒಂದೆಡೆ ಕಲೆತು, ಅನಾಥ ಶಿಶುಗಳಿಗೋ ರೋಗಿಗಳಿಗೋ ಅಂಗಿ ಕುಲಾವಿಗಳನ್ನು ಹೊಲಿದು ಕೊಡುವ ವಾಡಿಕೆ ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಇತ್ತು. ಅಂಥ ಒಂದು ಹೊಲಿಗೆಯಿಂದ ಆರಂಭವಾಗಿ, ದೇಶದ ಸೆರೆಮನೆಗಳ ಕಾನೂನಿನ ಮೇಲೆಯೇ ಪ್ರಭಾವ ಬೀರುವಷ್ಟು ಬೆಳೆದ ಬಾಳು ಎಲಿಜಬೆತ್ ಫ್ರೈಯದು. ಸೆರೆಮನೆಗಳ ಸುಧಾರಣೆಯ ಚರಿತ್ರೆಯನ್ನು ಓದಿದವರಿಗೆಲ್ಲ ಆಕೆಯ ಹೆಸರು ಪರಿಚಿತವೇ. ಆದರೆ ಆ ಸುಧಾರಣೆಯ ಬುಡದಲ್ಲಿ ಸೂಜಿದಾರಗಳಿದ್ದುವೆಂಬುದೂ, ಆ ಸೂಜಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ಬಗೆಯಲ್ಲಿಯೇ ಆಕೆಯ ಕಾರ್ಯದ ಸಾರವಿದೆಯೆಂಬುದೂ ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಎಲಿಜಬೆತ್ ಹುಟ್ಟಿದ್ದು 1780ರ ಮೇ 21ರಂದು, ಪೂರ್ವ ಇಂಗ್ಲೆಂಡಿನ ನಾರಿಚ್ ನಗರದಲ್ಲಿ. ತಂದೆ ಜಾನ್ ಗರ್ನಿ ಸಿರಿವಂತ. ಗರ್ನಿ ಮನೆತನದ ಬ್ಯಾಂಕು ಆ ಸೀಮೆಯಲ್ಲೆಲ್ಲ ಹೆಸರಾದದ್ದು. ತಾಯಿ ಕ್ಯಾಥರೀನಳು ಮಕ್ಕಳನ್ನು ಬಡವರ ಮನೆಗಳಿಗೆ ಕರೆದುಕೊಂಡು ಹೋಗುವ ಪದ್ಧತಿಯಿಟ್ಟುಕೊಂಡಿದ್ದಳು. ಎಲಿಜಬೆತ್‌ಗೆ ಹನ್ನೆರಡು ವರ್ಷವಾಗಿದ್ದಾಗ, 1792ರಲ್ಲಿ, ಆ ತಾಯಿ ತೀರಿಕೊಂಡಳು. ನಗರದ ಹೊರಗಿನ ಅರ್ಲಮ್ ಎಂಬ ದೊಡ್ಡ ಮನೆಯಲ್ಲಿ ಅಕ್ಕತಂಗಿಯರು, ಅಣ್ಣತಮ್ಮಂದಿರ ನಡುವೆ ಈ ಹುಡುಗಿ ಬೆಳೆದಳು. ಮೈ ಮೆತ್ತಗೆ, ಮನಸ್ಸು ಅಂಜುಕುಳಿ. ಕತ್ತಲೆ ಕಂಡರೆ ಹೆದರಿಕೆ, ಕಡಲು ಕಂಡರೆ ಹೆದರಿಕೆ. ಮುಂದೆ ಲಂಡನ್ನಿನ ಅತಿ ಭಯಂಕರವಾದ ಸೆರೆಮನೆಯನ್ನು ಹೊಗುವ ಹೆಣ್ಣು ಇವಳೇ ಎಂದು ಆಗ ಯಾರೂ ಊಹಿಸುವಂತಿರಲಿಲ್ಲ.

ಗರ್ನಿಗಳು ಕ್ವೇಕರ್ ಪಂಥದವರು. ಈ ಪಂಥಕ್ಕೆ ಪುರೋಹಿತರಿಲ್ಲ, ವಿಧಿವಿಧಾನಗಳ ಆಡಂಬರವಿಲ್ಲ. ಭಕ್ತರು ಮೌನವಾಗಿ ಕುಳಿತಿರುತ್ತಾರೆ. ಅಂತಃಪ್ರೇರಣೆಯಾದವರು, ಗಂಡಾಗಲಿ ಹೆಣ್ಣಾಗಲಿ, ಎದ್ದು ನಾಲ್ಕು ಮಾತನಾಡುತ್ತಾರೆ. ಹೆಂಗಸರಿಗೆ ಸಭೆಯಲ್ಲಿ ಬಾಯಿಯೇ ಇಲ್ಲದ ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಆದರೆ ಅರ್ಲಮಿನ ಗರ್ನಿಗಳು ಪಂಥದ ಕಟ್ಟುಪಾಡುಗಳನ್ನು ಸಡಿಲವಾಗಿಯೇ ಪಾಲಿಸುತ್ತಿದ್ದರು. ಹಾಡು, ನರ್ತನ, ಬಣ್ಣದ ಉಡುಪು ಎಲ್ಲವೂ ಆ ಮನೆಯಲ್ಲಿ ಸಲ್ಲುತ್ತಿದ್ದುವು. 1798ರಲ್ಲಿ ಅಮೆರಿಕದಿಂದ ಬಂದ ವಿಲಿಯಂ ಸೇವರಿ ಎಂಬ ಬೋಧಕನ ಮಾತನ್ನು ಕೇಳಿ ಎಲಿಜಬೆತ್‌ಳ ಮನಸ್ಸು ಕಲಕಿತು. ಅಲ್ಲಿಂದ ಮುಂದೆ ಆಕೆ ಒಂದೊಂದಾಗಿ ಬೆಡಗನ್ನು ತೊರೆದು, ಕ್ವೇಕರರ ಬಿಳಿಯ ಕುಲಾವಿ, ಸಾದಾ ಮೇಲುಡುಪುಗಳನ್ನು ತೊಟ್ಟಳು. ನೆರೆಹೊರೆಯ ಬಡ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳತೊಡಗಿದಳು.

1800ರ ಆಗಸ್ಟಿನಲ್ಲಿ ಜೋಸೆಫ್ ಫ್ರೈ ಎಂಬಾತನೊಡನೆ ಮದುವೆಯಾಯಿತು. ಅವನ ಮನೆತನದ್ದು ಚಹಾ ಮತ್ತು ಬ್ಯಾಂಕಿನ ವ್ಯಾಪಾರ. ಲಂಡನ್ನಿನ ನಡುಪೇಟೆಯಲ್ಲಿ ಸಂಸಾರ ಹೂಡಿದ್ದಾಯಿತು. ಮುಂದಿನ ಇಪ್ಪತ್ತೆರಡು ವರ್ಷಗಳಲ್ಲಿ ಆಕೆ ಹನ್ನೊಂದು ಮಕ್ಕಳನ್ನು ಹೆತ್ತಳು. ಪ್ರತಿಯೊಂದು ಬಾಣಂತನವೂ ಆಕೆಯ ಮೈಮನಗಳನ್ನು ಹಣ್ಣುಮಾಡುತ್ತಿತ್ತು. ತಾನು ಯಾವುದೋ ಕಾರ್ಯಕ್ಕಾಗಿ ಹುಟ್ಟಿದವಳು, ಅದು ಕೈಗೆ ಸಿಕ್ಕದೆ ದಿನಗಳು ಸೋರಿಹೋಗುತ್ತಿವೆ ಎಂಬ ಕೊರಗು ಆಕೆಯ ದಿನಚರಿಯ ಪುಟಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. 1811ರಲ್ಲಿ ಪಂಥದವರು ಆಕೆಯನ್ನು ಬೋಧಕಳೆಂದು ಅಂಗೀಕರಿಸಿದರು.

ಆ ಕಾರ್ಯ ಮನೆಯ ಬಾಗಿಲಿಗೇ ಬಂದದ್ದು 1813ರ ಚಳಿಗಾಲದಲ್ಲಿ. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ್ದ ಸ್ಟೀಫನ್ ಗ್ರೆಲೆ ಎಂಬ ಕ್ವೇಕರ್ ಬೋಧಕ ಲಂಡನ್ನಿಗೆ ಬಂದಿದ್ದವನು ನ್ಯೂಗೇಟ್ ಸೆರೆಮನೆಯನ್ನು ನೋಡಲು ಹೋದ. ಹೆಂಗಸರ ವಿಭಾಗದಲ್ಲಿ ಆತ ಕಂಡ ನೋಟ ಆತನನ್ನು ನೇರವಾಗಿ ಫ್ರೈಯ ಮನೆಗೆ ಅಟ್ಟಿತು. ಕೊರೆಯುವ ಚಳಿಯಲ್ಲಿ ಸೆರೆಮನೆಯೊಳಗೇ ಹುಟ್ಟಿದ ಹಸುಳೆಗಳು ಮೈಮೇಲೆ ಅರಿವೆಯಿಲ್ಲದೆ ಬಿದ್ದಿವೆಯೆಂದು ಆತ ವರದಿ ಮಾಡಿದ. ಎಲಿಜಬೆತ್ ಆ ಕೂಡಲೇ ಬಟ್ಟೆ ತರಿಸಿ, ತನ್ನ ಪಂಥದ ತರುಣಿಯರನ್ನು ಕರೆಸಿದಳು. ಎಲ್ಲರೂ ಕುಳಿತು ಫ್ಲ್ಯಾನೆಲ್ಲಿನ ಎಳೆಗೂಸಿನ ಅಂಗಿಗಳನ್ನು ಕತ್ತರಿಸಿದರು, ಹೊಲಿದರು. ಆ ಗಂಟನ್ನು ಎತ್ತಿಕೊಂಡು, ಆನಾ ಬಕ್ಸ್‌ಟನ್ ಎಂಬ ಗೆಳತಿಯೊಡನೆ ಆಕೆ ನ್ಯೂಗೇಟಿನ ಬಾಗಿಲಲ್ಲಿ ನಿಂತಳು.

ಅಂದಿನ ನ್ಯೂಗೇಟನ್ನು ಇಂದಿನ ಓದುಗರು ಕಲ್ಪಿಸಿಕೊಳ್ಳುವುದು ಕಷ್ಟ. ಇನ್ನೂರಕ್ಕೂ ಮಿಕ್ಕಿದ ಅಪರಾಧಗಳಿಗೆ ಗಲ್ಲಿನ ಶಿಕ್ಷೆಯಿದ್ದ ಕಾಲ ಅದು. ಎರಡು ಕೊಠಡಿ, ಎರಡು ಕೋಣೆಗಳಲ್ಲಿ ಹೆಚ್ಚುಕಡಮೆ ಮುನ್ನೂರು ಹೆಂಗಸರು, ಅವರ ಮಕ್ಕಳು. ವಿಚಾರಣೆಯಾದವರು, ಆಗದವರು, ಕ್ಷುಲ್ಲಕ ಕಳ್ಳತನ ಮಾಡಿದವರು, ಗಲ್ಲಿಗಾಗಿ ಕಾದಿರುವವರು ಎಲ್ಲರೂ ಒಂದೇ ಕಡೆ. ಅಲ್ಲಿಯೇ ಅಡುಗೆ, ಅಲ್ಲಿಯೇ ಒಗೆತ, ಹಾಸಿಗೆಯಿಲ್ಲದ ನೆಲದ ಮೇಲೆ ಅಲ್ಲಿಯೇ ನಿದ್ರೆ. ಕೈಗೆ ಕಾಸು ಬಂದರೆ ಹೆಂಡಕ್ಕೆ. ಅಧಿಕಾರಿಯೇ ಒಳಗೆ ಹೋಗಲು ಹಿಂಜರಿಯುತ್ತಿದ್ದ. ಈ ಇಬ್ಬರು ಮಹಿಳೆಯರಿಗೂ ಕೈಗಡಿಯಾರಗಳಿಲ್ಲದ ಆ ದಿನಗಳಲ್ಲಿ ಸೊಂಟಕ್ಕೆ ತೂಗುಬಿಡುತ್ತಿದ್ದ ಗಡಿಯಾರವನ್ನಾದರೂ ಹೊರಗೆ ಬಿಟ್ಟುಹೋಗಿರೆಂದು ಆತ ಎಚ್ಚರಿಕೆ ಕೊಟ್ಟನಂತೆ. ಅವರು ಬಿಡಲಿಲ್ಲ, ಗಡಿಯಾರ ಕಳುವಾಗಲೂ ಇಲ್ಲ. ಮಕ್ಕಳ ಮೈಗೆ ಅಂಗಿ ತೊಡಿಸಿ, ರೋಗಿಗಳಿಗೆ ಹುಲ್ಲಿನ ಹಾಸು ಹಾಕಿಸಿ, ಕ್ಷಣಕಾಲ ಮೊಣಕಾಲೂರಿ ಪ್ರಾರ್ಥಿಸಿ ಅವರು ಹಿಂದಿರುಗಿದರು. ಅನಂತರವೂ ಒಂದೆರಡು ಬಾರಿ ಹೋಗಿ ಬಂದದ್ದುಂಟು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಒಂದು ಸತ್ಕಾರ್ಯವಾಗಿ ಉಳಿಯುತ್ತಿತ್ತು, ಚರಿತ್ರೆಯಾಗುತ್ತಿರಲಿಲ್ಲ. ಅಂಗಿ ಹರಿಯುತ್ತದೆ, ಮಗು ಬೆಳೆಯುತ್ತದೆ, ಮರುವರ್ಷ ಅದೇ ನೆಲದ ಮೇಲೆ ಬೇರೊಂದು ಮಗು ಬರಿಮೈಯಲ್ಲಿ ಬಿದ್ದಿರುತ್ತದೆ. ಮುಂದೆ ಸುಮಾರು ನಾಲ್ಕು ವರ್ಷ ಎಲಿಜಬೆತ್ ನ್ಯೂಗೇಟಿನಲ್ಲಿ ಯಾವ ಕೆಲಸವನ್ನೂ ಕೈಗೊಳ್ಳಲಾಗಲಿಲ್ಲ. ಮತ್ತೆರಡು ಮಕ್ಕಳು ಹುಟ್ಟಿದುವು. ಗಂಡನ ವ್ಯವಹಾರ ತತ್ತರಿಸಿತು. 1815ರ ಕೊನೆಯಲ್ಲಿ, ತನ್ನದೇ ಹೆಸರಿಟ್ಟಿದ್ದ, ಇನ್ನೂ ಐದು ತುಂಬದ ಮಗಳು ಕಣ್ಮುಚ್ಚಿದಳು. ಹಿರಿಯ ಮಕ್ಕಳಲ್ಲಿ ಕೆಲವರನ್ನು ಬಂಧುಗಳ ಮನೆಗೆ ಕಳುಹಿಸಬೇಕಾಯಿತು. ಆಕೆ ಮತ್ತೆ ನ್ಯೂಗೇಟಿನ ಬಾಗಿಲನ್ನು ತಟ್ಟಿದ್ದು 1816ರ ಕೊನೆಯ ದಿನಗಳಲ್ಲಿ, ಮಗುವನ್ನು ಕಳೆದುಕೊಂಡ ತಾಯಿಯಾಗಿ.

ಈ ಬಾರಿ ಆಕೆಯ ರೀತಿಯೇ ಬೇರೆಯಾಗಿತ್ತು. ತಾಯಂದಿರ ನಡುವೆ ಕುಳಿತು, ಈ ಎಳೆಯ ಮಕ್ಕಳ ಗತಿಯೇನು, ಇವರಿಗಾಗಿ ನಾವು ಕೂಡಿ ಏನಾದರೂ ಮಾಡಬಾರದೇ ಎಂದು ಅವರನ್ನೇ ಕೇಳಿದಳು. ಒಂದು ಪಾಠಶಾಲೆಯ ಯೋಚನೆ ಮೂಡಿತು. ಉಪಾಧ್ಯಾಯಿನಿ ಯಾರಾಗಬೇಕೆಂಬುದನ್ನೂ ಆಕೆ ಬಂದಿಗಳಿಗೇ ಬಿಟ್ಟಳು. ಗಡಿಯಾರ ಕದ್ದು ಸೆರೆಗೆ ಬಂದಿದ್ದ ಮೇರಿ ಕಾನರ್ ಎಂಬ ತರುಣಿಯನ್ನು ಅವರು ಆರಿಸಿದರು. ಬರಿದಾಗಿದ್ದ ಒಂದು ಕೋಣೆಯಲ್ಲಿ ಶಾಲೆ ಆರಂಭವಾಯಿತು. ಮೇರಿ ಕಾನರ್ ಶ್ರದ್ಧೆಯಿಂದ ಕಲಿಸಿದಳು. ಮುಂದೆ ಆಕೆಗೆ ಕ್ಷಮಾದಾನವೂ ದೊರೆಯಿತು, ಆದರೆ ಕ್ಷಯ ಆಕೆಯನ್ನು ಬಹುಕಾಲ ಉಳಿಸಲಿಲ್ಲ. ಶಾಲೆ ಮಕ್ಕಳಿಗಾಗಿ ತೆರೆದದ್ದು. ಆದರೆ ಬಾಗಿಲಲ್ಲಿ ದೊಡ್ಡವರು ಗುಂಪುಗೂಡಿ, ನಮಗೂ ಕಲಿಸಿ, ನಮಗೂ ಏನಾದರೂ ಕೆಲಸ ಕೊಡಿ ಎಂದು ಬೇಡತೊಡಗಿದರು. ಕೆಲಸವಿಲ್ಲದ ಕೈಗಳ ಹಸಿವನ್ನು ಎಲಿಜಬೆತ್ ಆಗ ಕಣ್ಣಾರೆ ಕಂಡಳು.

ಇವರಿಗೆ ಹೊಲಿಗೆ ಕಲಿಸೋಣವೆಂದು ಆಕೆ ಹೇಳಿದಾಗ ಒಪ್ಪಿದವರು ಕಡಮೆ. ಕಳ್ಳಿಯರ ಕೈಗೆ ಬಟ್ಟೆ, ಕತ್ತರಿ ಕೊಟ್ಟರೆ ಸಂಜೆಯ ಹೊತ್ತಿಗೆ ಎರಡೂ ಮಾಯವಾಗುತ್ತವೆಂದು ಅಧಿಕಾರಿಗಳೂ ಅನುಭವಸ್ಥರೂ ನಕ್ಕರು. ಆದರೂ 1817ರ ಏಪ್ರಿಲ್‌ನಲ್ಲಿ ಹನ್ನೆರಡು ಮಂದಿ ಹೆಂಗಸರ ಒಂದು ಸಂಘ ಏರ್ಪಟ್ಟಿತು. ಅವರಲ್ಲಿ ಹನ್ನೊಂದು ಮಂದಿ ಕ್ವೇಕರರು, ಇನ್ನೊಬ್ಬಳು ಒಬ್ಬ ಪಾದ್ರಿಯ ಹೆಂಡತಿ. ನ್ಯೂಗೇಟಿನ ಬಂದಿನಿಯರಿಗೆ ಬಟ್ಟೆ, ಓದು, ಉದ್ಯೋಗಗಳನ್ನು ಒದಗಿಸುವುದು ಅದರ ಉದ್ದೇಶ. ಸಂಬಳವಿಲ್ಲ, ಸವಲತ್ತಿಲ್ಲ. ಸರದಿಯ ಮೇಲೆ ಪ್ರತಿದಿನವೂ ಅವರಲ್ಲಿ ಯಾರಾದರೂ ಸೆರೆಮನೆಯಲ್ಲಿರಬೇಕು.

ಒಂದು ಭಾನುವಾರ, ಅಧಿಕಾರಿಗಳ ಸಮ್ಮುಖದಲ್ಲಿ, ಶಿಕ್ಷೆಗೊಳಗಾದ ಸುಮಾರು ಎಪ್ಪತ್ತು ಹೆಂಗಸರನ್ನು ಸೇರಿಸಿ ಎಲಿಜಬೆತ್ ತಾನು ಬರೆದು ತಂದಿದ್ದ ನಿಯಮಗಳನ್ನು ಓದಿದಳು. ಅವೂ ಹನ್ನೆರಡೇ. ಭಿಕ್ಷೆ, ಬೈಗುಳ, ಜೂಜು, ಜಗಳ ಸಲ್ಲವು. ಹನ್ನೆರಡು ಮಂದಿಗೆ ಒಬ್ಬಳಂತೆ ಅವರೊಳಗಿನವಳೇ ಮೇಲ್ವಿಚಾರಕಿ. ಬೆಳಿಗ್ಗೆ ಸಂಜೆ ಬೈಬಲಿನ ಓದು. ಒಂದೊಂದು ನಿಯಮವನ್ನೂ ಓದಿದ ಬಳಿಕ ನಿಲ್ಲಿಸಿ, ಒಪ್ಪುವವರು ಕೈಯೆತ್ತಿರೆಂದು ಕೇಳಿದಳು. ಪ್ರತಿ ಸಲವೂ ಕೈಗಳೆಲ್ಲ ಮೇಲೆದ್ದುವು. ಇಂಗ್ಲೆಂಡಿನ ಯಾವ ಹೆಂಗಸಿಗೂ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮತವಿಲ್ಲದಿದ್ದ ಕಾಲದಲ್ಲಿ, ನ್ಯೂಗೇಟಿನ ಸೆರೆಯಾಳುಗಳು ತಮ್ಮ ಕಾನೂನಿಗೆ ತಾವೇ ಮತ ಕೊಟ್ಟರು.

ಇನ್ನು ಹೊಲಿದ ಬಟ್ಟೆಗೆ ಕೊಳ್ಳುವವರು ಬೇಕಷ್ಟೆ. ಗಡೀಪಾರಾದವರ ವಸಾಹತಾಗಿದ್ದ ಆಸ್ಟ್ರೇಲಿಯಕ್ಕೆ ಸಿದ್ಧ ಉಡುಪುಗಳನ್ನು ಒದಗಿಸುತ್ತಿದ್ದ ಲಂಡನ್ನಿನ ಒಂದು ಅಂಗಡಿಯ ಒಡೆಯರ ಬಳಿಗೆ ಸಂಘದವರು ಹೋದರು. ನಿಮ್ಮ ವ್ಯಾಪಾರದ ಒಂದು ಭಾಗವನ್ನು ನಿಮ್ಮಿಂದ ಕಸಿಯಬೇಕೆಂದು ಬಂದಿದ್ದೇವೆಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಒಡೆಯರು ಅಡ್ಡಿ ಮಾಡುವುದಿರಲಿ, ಕೆಲಸವನ್ನು ತಾವೇ ಒದಗಿಸುತ್ತೇವೆಂದು ಒಪ್ಪಿದರು. ಸೆರೆಮನೆಯ ಹಳೆಯ ಒಗೆಯುವ ಮನೆ ಸುಣ್ಣ ಬಳಿದುಕೊಂಡು ಹೊಲಿಗೆಮನೆಯಾಯಿತು. ತಿಂಗಳು ಕಳೆಯುವಷ್ಟರಲ್ಲಿ ಲಂಡನ್ನಿನ ಮೇಯರನೂ ನಗರದ ಹಿರಿಯರೂ ಬಂದು ನೋಡಿ, ಈ ಏರ್ಪಾಡನ್ನು ಸೆರೆಮನೆಯ ಆಡಳಿತದ ಅಂಗವಾಗಿ ಅಂಗೀಕರಿಸಿದರು.

1818ರ ಫೆಬ್ರವರಿಯಲ್ಲಿ ಎಲಿಜಬೆತ್ ಫ್ರೈ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದಳು. ಆಕೆ ಕೊಟ್ಟ ಲೆಕ್ಕ ಯಾವ ಭಾಷಣಕ್ಕಿಂತಲೂ ಪರಿಣಾಮಕಾರಿಯಾಗಿತ್ತು. ಹತ್ತಿರ ಹತ್ತಿರ 20,000 ಉಡುಪುಗಳು ಬಂದಿಗಳ ಕೈಯಲ್ಲಿ ಸಿದ್ಧವಾಗಿದ್ದುವು. ಅಷ್ಟರಲ್ಲಿ ಲೆಕ್ಕಕ್ಕೆ ಸಿಕ್ಕದಿದ್ದುವು ಮೂರು ಮಾತ್ರ, ಅವನ್ನೂ ಬಂದಿಗಳು ಕದ್ದರೆಂದು ಸಂಘಕ್ಕೆ ತೋರಿರಲಿಲ್ಲ. ಇದಲ್ಲದೆ ತಿಂಗಳಿಗೆ 60ರಿಂದ 100 ಜೊತೆ ಕಾಲುಚೀಲಗಳ ಹೆಣಿಗೆ. ಒಬ್ಬೊಬ್ಬಳ ಗಳಿಕೆ ವಾರಕ್ಕೆ ಸರಾಸರಿ 18 ಪೆನ್ಸ್. ಸಂಪಾದನೆ ಅಲ್ಪವೇ, ಅಂಗಡಿಯವರು ಕೊಡುತ್ತಿದ್ದ ಕೂಲಿಯೇ ಕಡಮೆಯೆಂದು ಆಕೆಯೂ ಮರೆಮಾಚಲಿಲ್ಲ. ಆದರೆ ಕದ್ದವಳೆಂದು ಜಗತ್ತು ಹಣೆಗೆ ಬರೆದ ಹೆಣ್ಣಿನ ಕೈಗೆ ಬೆಲೆಯುಳ್ಳ ವಸ್ತುವನ್ನು ನಂಬಿ ಕೊಟ್ಟಾಗ ಅದು ಹಿಂದಿರುಗಿ ಬಂತೆಂಬ ಸಂಗತಿಯನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ.

ಅದೇ ವರ್ಷ ಆಕೆಯ ಕೈ ಮೀರಿದ ಸಂಗತಿಯೊಂದು ನಡೆಯಿತು. ಹ್ಯಾರಿಯೆಟ್ ಸ್ಕೆಲ್ಟನ್ ಎಂಬ ಬಂದಿನಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಖೋಟಾ ನೋಟುಗಳನ್ನು ಚಲಾಯಿಸಿದ ಅಪರಾಧಕ್ಕಾಗಿ ಗಲ್ಲಿನ ಶಿಕ್ಷೆಗೆ ಗುರಿಯಾಗಿದ್ದಳು. ಸನ್ನಡತೆಯ ಹೆಣ್ಣು, ಸಂಘದವರಿಗೆಲ್ಲ ಅಚ್ಚುಮೆಚ್ಚಿನವಳು. ಆಕೆಯ ಪ್ರಾಣಕ್ಕಾಗಿ ಎಲಿಜಬೆತ್ ಗೃಹಮಂತ್ರಿ ಲಾರ್ಡ್ ಸಿಡ್‌ಮತ್ತನ ಮುಂದೆ ಪಟ್ಟುಹಿಡಿದು ವಾದಿಸಿದಳು. ಮಂತ್ರಿ ಕೆರಳಿದ. ಹ್ಯಾರಿಯೆಟ್ ಗಲ್ಲಿಗೇರಿದಳು. ಸೂಜಿದಾರ ಬಾಳನ್ನು ಹೊಲಿಯಬಲ್ಲದು, ನೇಣುಹಗ್ಗವನ್ನು ತಡೆಯಲಾರದು ಎಂಬ ಕಹಿಯನ್ನು ಆಕೆ ನುಂಗಬೇಕಾಯಿತು. ಅಂದಿನಿಂದ ಗಲ್ಲುಶಿಕ್ಷೆಯ ವಿಷಯದಲ್ಲಿ ಆಕೆಯ ವಿರೋಧ ಇನ್ನೂ ಗಟ್ಟಿಯಾಯಿತು.

ಗಲ್ಲು ತಪ್ಪಿದವರ ಪಾಲಿಗೆ ಇದ್ದದ್ದು ಕಡಲಿನಾಚೆಯ ಗಡೀಪಾರು. ಹಡಗಿಗೆ ಸಾಗಿಸುವ ಹಿಂದಿನ ರಾತ್ರಿ ಬಂದಿನಿಯರು ದುಃಖರೋಷಗಳಿಂದ ಕಿಟಕಿ, ಪೀಠೋಪಕರಣಗಳನ್ನು ಮುರಿದು ಹಾಕುವುದೂ, ಮರುದಿನ ತೆರೆದ ಬಂಡಿಗಳಲ್ಲಿ ಸರಪಣಿಯೊಡನೆ ಹೋಗುವ ಅವರ ಮೇಲೆ ಬೀದಿಯ ಜನ ಕೆಸರು ಕಲ್ಲು ತೂರುವುದೂ ವಾಡಿಕೆಯಾಗಿತ್ತು. 1818ರಲ್ಲಿ ಎಲಿಜಬೆತ್ ಅಧಿಕಾರಿಗಳನ್ನು ಒಪ್ಪಿಸಿ ಮುಚ್ಚಿದ ಗಾಡಿಗಳನ್ನು ಏರ್ಪಡಿಸಿದಳು. ತಾನೂ ಹಿಂದೆಯೇ ತನ್ನ ಗಾಡಿಯಲ್ಲಿ ಹಡಗುಕಟ್ಟೆಯವರೆಗೆ ಹೋದಳು. ಆ ವರ್ಷದ ಮರಿಯಾ ಎಂಬ ಹಡಗಿನಲ್ಲಿ 128 ಬಂದಿನಿಯರಿದ್ದರು. ತಿಂಗಳುಗಟ್ಟಲೆಯ ಆ ಪಯಣದಲ್ಲಿ ಅವರು ಮಾಡುವುದೇನು? ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುತ್ತಾರಷ್ಟೆ. ಅಂಥದೇ ತುಂಡುಹೊಲಿಗೆ ಇಂಗ್ಲೆಂಡಿನಲ್ಲಿಯೂ ಬಳಕೆಯಲ್ಲಿತ್ತು. ಸಂಘದವರು ಬಟ್ಟೆಯ ವರ್ತಕರನ್ನು ಕೇಳಿ ಚೂರುಬಟ್ಟೆಗಳ ಮೂಟೆಗಳನ್ನು ಸಂಗ್ರಹಿಸಿದರು.

ಮುಂದೆ ಪ್ರತಿಯೊಬ್ಬ ಬಂದಿನಿಗೂ ಒಂದು ಗೋಣಿಚೀಲ ಕೊಡುವುದು ಪದ್ಧತಿಯಾಯಿತು. ಅದರಲ್ಲಿ ಒಂದು ಬೈಬಲ್, ನೂರು ಸೂಜಿ, ಗುಂಡುಸೂಜಿಗಳು, ಬಿಳಿ, ಕಪ್ಪು, ಕೆಂಪು, ನೀಲಿ ನೂಲಿನ ಉಂಡೆಗಳು, ಬಣ್ಣದ ದಾರದ ಲಡಿಗಳು, ಅಂಗುಸ್ತಾನ, ಕತ್ತರಿ, ದಬ್ಬಳ, ಎರಡು ಪೌಂಡಿನಷ್ಟು ಚೂರುಬಟ್ಟೆ. ದೃಷ್ಟಿ ಮಂದವಾದವರಿಗೆ ಕನ್ನಡಕ. ಪಟ್ಟಿಯ ಕೊನೆಯ ಈ ಕನ್ನಡಕವನ್ನು ಗಮನಿಸಬೇಕು. ನಡುವಯಸ್ಸಿನ ಹೆಂಗಸು ಸೂಜಿಗೆ ದಾರ ಪೋಣಿಸಲು ಪಡುವ ಪಾಡು ಗೊತ್ತಿದ್ದ ಕೈ ಮಾತ್ರ ಅದನ್ನು ನೆನಪಿಟ್ಟು ಚೀಲಕ್ಕೆ ಹಾಕಬಲ್ಲದು. ಹೊಲಿದ ಹೊದಿಕೆಯನ್ನು ದಾರಿಯ ರೇವಿನಲ್ಲಿಯೋ ಹೊಸ ನಾಡಿನಲ್ಲಿಯೋ ಮಾರಿದರೆ ಬರುವ ಹಣ ಅವಳದೇ. ಕಾಣದ ನೆಲದಲ್ಲಿ ಬರಿಗೈಯಲ್ಲಿ ಇಳಿದು ಮಾನವನ್ನು ಮಾರಿಕೊಳ್ಳಬೇಕಾದ ಗತಿ ಇದರಿಂದ ಕೆಲವರಿಗಾದರೂ ತಪ್ಪೀತೆಂಬುದು ಆಕೆಯ ಆಸೆ. ಇಪ್ಪತ್ತೈದು ವರ್ಷಗಳಲ್ಲಿ ಆಕೆಯೂ ಆಕೆಯ ಸಂಗಾತಿಗಳೂ 106 ಹಡಗುಗಳನ್ನು, ಸುಮಾರು 12,000 ಬಂದಿನಿಯರನ್ನು ಕಂಡು ಬೀಳ್ಕೊಟ್ಟರು.

ಸಂಘ ಬೆಳೆಯಿತು. 1821ರಲ್ಲಿ ಅದು ಇಡೀ ಬ್ರಿಟನ್ನಿನ ಮಹಿಳಾ ಸಂಸ್ಥೆಯಾಯಿತು. 1823ರ ಕಾಯಿದೆ ಬಂದಿನಿಯರ ಮೇಲ್ವಿಚಾರಣೆ ಹೆಂಗಸರ ಕೈಯಲ್ಲಿಯೇ ಇರಬೇಕೆಂದು ವಿಧಿಸಿತು. ಯೂರೋಪಿನ ಅರಸರು ಆಕೆಯನ್ನು ಬರಮಾಡಿಕೊಂಡರು. 1842ರಲ್ಲಿ ಪ್ರಷ್ಯದ ದೊರೆ ಲಂಡನ್ನಿಗೆ ಬಂದಾಗ ಆಕೆಯೊಡನೆ ನ್ಯೂಗೇಟಿಗೇ ಹೋದ. ಮನೆಯಿಲ್ಲದವರಿಗೆ ರಾತ್ರಿಯ ತಂಗುದಾಣ, ಕರಾವಳಿಯ ಕಾವಲುಗಾರರಿಗೆ ಪುಸ್ತಕಭಂಡಾರ, 1840ರಲ್ಲಿ ದಾದಿಯರ ತರಬೇತಿಗೊಂದು ಸಂಸ್ಥೆ — ಹೀಗೆ ಆಕೆಯ ಕಾರ್ಯ ಹಲವು ಕವಲೊಡೆಯಿತು.

ಕೀರ್ತಿಯ ಜೊತೆಗೆ ದೂರುಗಳೂ ಬಂದುವು. ಸೆರೆಮನೆಯ ಮಕ್ಕಳನ್ನು ಸಲಹುವ ತಾಯಿ ತನ್ನ ಮಕ್ಕಳನ್ನು ಮರೆತಳೆಂದು ಬಂಧುಗಳಲ್ಲಿಯೇ ಕೆಲವರು ಆಡಿಕೊಂಡರು. ಆ ಮಾತು ಆಕೆಯನ್ನು ಜೀವನವಿಡೀ ಚುಚ್ಚಿತು. ಮಕ್ಕಳಲ್ಲಿ ಹೆಚ್ಚಿನವರು ಕ್ವೇಕರ್ ಪಂಥವನ್ನು ಬಿಟ್ಟಾಗ ಆ ನೋವು ಇಮ್ಮಡಿಸಿತು. ಆಕೆಯನ್ನು ಮೆಚ್ಚಿದ ಲೇಖಕ ಸಿಡ್ನಿ ಸ್ಮಿತ್‌ನಂಥವರೂ, ಸೆರೆಮನೆ ಕಠಿಣವಾಗಿರಬೇಕು, ಇಂಥ ಮೃದುತ್ವದಿಂದ ಅಪರಾಧ ತಗ್ಗದು ಎಂದು ವಾದಿಸಿದರು. 1828ರಲ್ಲಿ ಗಂಡನ ಬ್ಯಾಂಕು ಮುಳುಗಿತು. ಪ್ಲಾಷೆಟ್ ಎಂಬ ಹಳ್ಳಿಮನೆ ಕೈಬಿಟ್ಟಿತು. ಸಾಲ ತೀರಿಸಲಾರದ ಜೋಸೆಫನನ್ನು ಪಂಥ ಹೊರಹಾಕಿತು. ಇತರರಿಗೆ ಬುದ್ಧಿ ಹೇಳಿದವಳ ಮನೆ ನೋಡಿರೆಂದು ಜನ ಬೆರಳು ತೋರಿದಾಗಲೂ ಆಕೆ ಅದೇ ಸಾದಾ ಉಡುಪಿನಲ್ಲಿ ಬಂದಿನಿಯರ ಬಳಿಗೆ ಹೋಗುತ್ತಲೇ ಇದ್ದಳು.

ಇದಕ್ಕಿಂತ ಆಳವಾದ ಪೆಟ್ಟು ಇನ್ನೊಂದಿತ್ತು. 1835ರ ಬಳಿಕ ಸರ್ಕಾರದ ಇನ್‌ಸ್ಪೆಕ್ಟರುಗಳ ಕಾಲ ಬಂತು. ಬಂದಿಗಳನ್ನು ಒಬ್ಬೊಬ್ಬರನ್ನಾಗಿ ಪ್ರತ್ಯೇಕ ಕೋಣೆಗಳಲ್ಲಿ ಇರಿಸಿ, ಮಾತಿಲ್ಲದ ಏಕಾಂತದಲ್ಲಿ ಪಶ್ಚಾತ್ತಾಪಪಡಿಸಬೇಕೆಂಬ ಸಿದ್ಧಾಂತ ಮೇಲುಗೈಯಾಯಿತು. 1842ರಲ್ಲಿ ತೆರೆದ ಪೆಂಟನ್‌ವಿಲ್ ಸೆರೆಮನೆ ಅದರ ಮಾದರಿ. ಎಲಿಜಬೆತ್ ಏಕಾಂತದ ಶಿಕ್ಷೆಯನ್ನು ವಿರೋಧಿಸಿದಳು. ಸಮಾಜಕ್ಕೆ ಮರಳಬೇಕಾದವರು ಸಮಾಜದ ನಡುವೆಯೇ ತಿದ್ದಿಕೊಳ್ಳಬೇಕೆಂಬುದು ಆಕೆಯ ನಿಲುವು. ಒಟ್ಟಿಗೆ ಕುಳಿತು ಹೊಲಿಯುವ ಕೂಟದಿಂದ ಆಕೆ ಕಲಿತ ಪಾಠವೇ ಅದು. ಆದರೆ ಸಂಬಳದ ಅಧಿಕಾರಿಗಳ ಆಡಳಿತ ಬಲಿತಂತೆ ಸ್ವಯಂಸೇವಕಿಯರ ಮಾತು ಕ್ಷೀಣಿಸಿತು.

ಆ ಪಾಠಕ್ಕೆ ಸಾಕ್ಷಿಯೊಂದು ಮಾತ್ರ ಉಳಿದುಬಂದಿದೆ. 1841ರ ಏಪ್ರಿಲ್‌ನಲ್ಲಿ ಸುಮಾರು 180 ಬಂದಿನಿಯರನ್ನು ಹೊತ್ತ ಹಡಗೊಂದು ಇಂಗ್ಲೆಂಡಿನಿಂದ ಹೊರಟಿತು. ಅದರ ಹೆಸರು ರಾಜಾ. ಮೇಲ್ವಿಚಾರಕಿಯಾಗಿ ಹೋದವಳು ಕೆಜಿಯಾ ಹೇಟರ್ ಎಂಬ ತರುಣಿ. ಜುಲೈ 19ರಂದು ತಾಸ್ಮೇನಿಯದ ಹೋಬರ್ಟನ್ನು ಮುಟ್ಟುವಷ್ಟರಲ್ಲಿ ಬಂದಿನಿಯರು 2,815 ತುಂಡುಗಳನ್ನು ಜೋಡಿಸಿ, ಹತ್ತು ಅಡಿಗೂ ಮಿಕ್ಕ ಅಗಲದ ಹೊದಿಕೆಯೊಂದನ್ನು ಹೊಲಿದಿದ್ದರು. ನಡುವೆ ಹಕ್ಕಿ ಹೂಗಳು, ಸುತ್ತಲೂ ಚೌಕಗಳ ಸಾಲು; ಅಂಚಿನಲ್ಲಿ ಸಂಘದ ಮಹಿಳೆಯರಿಗೆ ಕೃತಜ್ಞತೆ ಸೂಚಿಸುವ ಬರಹವನ್ನು ನೂಲಿನಿಂದಲೇ ಮೂಡಿಸಿದ್ದಾರೆ. ಕೆಲವೆಡೆ ಹೊಲಿಗೆ ನುರಿತ ಕೈಯದು; ಕೆಲವೆಡೆ ಆಗತಾನೆ ಕಲಿತ ಒರಟು ಕೈಯದು. ಕಣ್ಮರೆಯಾಗಿದ್ದ ಆ ಹೊದಿಕೆ 1980ರ ದಶಕದಲ್ಲಿ ಎಡಿನ್‌ಬರೋದಲ್ಲಿ ಪತ್ತೆಯಾಗಿ, 1989ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಶಾಲೆಗೆ ಸೇರಿತು. 1813ರಲ್ಲಿ ಹೊರಗಿನವರು ಒಳಗಿನವರಿಗಾಗಿ ಹೊಲಿದಿದ್ದರು; 1841ರಲ್ಲಿ ಒಳಗಿನವರು ಹೊರಗಿನವರಿಗಾಗಿ ಹೊಲಿದರು. ದಾನ ಪಡೆದವರು ದಾನ ಕೊಡುವ ಸ್ಥಿತಿಗೆ ಏರುವುದಕ್ಕೆ ಇಪ್ಪತ್ತೆಂಟು ವರ್ಷ ಹಿಡಿಯಿತು.

ಎಲಿಜಬೆತ್ ಫ್ರೈ 1845ರ ಅಕ್ಟೋಬರ್ 12ರಂದು, ಕಡಲ ತಡಿಯ ರಾಮ್ಸ್‌ಗೇಟ್‌ನಲ್ಲಿ ಅಸುನೀಗಿದಳು. ಬಾರ್ಕಿಂಗ್‌ನ ಕ್ವೇಕರ್ ರುದ್ರಭೂಮಿಯಲ್ಲಿ ಆಕೆಯ ಸಮಾಧಿಯಿದೆ. ನ್ಯೂಗೇಟ್ ಸೆರೆಮನೆಯನ್ನು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕೆಡವಿದರು.

2002ರಿಂದ 2017ರವರೆಗೆ ಚಲಾವಣೆಯಲ್ಲಿದ್ದ ಐದು ಪೌಂಡಿನ ನೋಟಿನ ಮೇಲೆ ಬ್ಯಾಂಕ್ ಆಫ್ ಇಂಗ್ಲೆಂಡು ಆಕೆಯ ಚಿತ್ರವನ್ನು ಅಚ್ಚುಹಾಕಿತ್ತು. ಯಾವ ಬ್ಯಾಂಕಿನ ನೋಟುಗಳಿಗಾಗಿ ಹ್ಯಾರಿಯೆಟ್ ಸ್ಕೆಲ್ಟನ್ ಗಲ್ಲಿಗೇರಿದಳೋ ಅದೇ ಬ್ಯಾಂಕಿನ ನೋಟಿನ ಮೇಲೆ, ಅವಳಿಗಾಗಿ ಬೇಡಿ ಸೋತವಳ ಮುಖ. ಆ ನೋಟಿನಲ್ಲಿ ಆಕೆ ನ್ಯೂಗೇಟಿನ ಬಂದಿನಿಯರಿಗೆ ಪುಸ್ತಕ ಓದಿ ಹೇಳುತ್ತಿದ್ದಾಳೆ. ಓದಿದ್ದೂ ನಿಜವೇ. ಆದರೆ ಆ ಹೆಂಗಸರು ಕುಳಿತು ಕೇಳುವಂತಾದದ್ದು ಅವರ ಮಡಿಲಲ್ಲಿ ಅರ್ಧ ಹೊಲಿದ ಬಟ್ಟೆಯೊಂದಿದ್ದುದರಿಂದ. ಅದನ್ನು ಸಂಜೆಗೆ ಎಣಿಸಿ ಹಿಂದಿರುಗಿಸುತ್ತಾರೆಂದು ಒಬ್ಬಳು ಅವರನ್ನು ನಂಬಿದ್ದುದರಿಂದ.